ಹೊಳೆಯಾಚೆಯ ಬಾಣಂತನ

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಆ ಬೇಸಿಗೆಯಲ್ಲಿ ನಮ್ಮ ಹಡ್ಸನ್ ಕಣಿವೆ ಎರಡು ಹೋಳಾಗಿತ್ತು. ಇಂಗ್ಲೆಂಡಿನ ರಾಜನಿಗೆ ನಿಷ್ಠರಾದವರು ಹೊಳೆಯಾಚೆ, ಸ್ವಾತಂತ್ರ್ಯ ಬೇಕೆಂದ ನಾವು ಈಚೆ. ಸೂಲಗಿತ್ತಿ ಮೆಹಿಟಬಲ್ ಕ್ರೇನ್ ಯಾವ ಕಡೆಯವಳೆಂದು ಯಾರೂ ಕೇಳಬೇಕಿರಲಿಲ್ಲ. ನಮ್ಮ ಸೈನ್ಯಕ್ಕೆಂದು ಬಿಡುವಿಲ್ಲದೆ ಕಾಲುಚೀಲ ಹೆಣೆಯುತ್ತಿದ್ದಳು. ಅವಳ ಒಬ್ಬನೇ ಮಗ ಎನಾಕ್ ಹಿಂದಿನ ವರ್ಷ ರಾಜನ ಸೈನಿಕರ ಗುಂಡಿಗೆ ಬಲಿಯಾಗಿದ್ದ.

ಒಂದು ಬೆಳಿಗ್ಗೆ ಸುದ್ದಿ ಬಂತು: ಹೊಳೆಯಾಚೆಯ ಲಿಸ್ಬೆತ್ ವ್ಯಾನ್ ಹೋರ್ನ್ ಹೆರಿಗೆ ನೋವಿನಿಂದ ನರಳುತ್ತಿದ್ದಾಳೆ, ಹತ್ತಿರ ಯಾರೂ ಇಲ್ಲ. ಅವಳ ಗಂಡ ರಾಜನ ಸೈನ್ಯ ಸೇರಿದ್ದ. ಮೆಹಿಟಬಲ್ ಕೈಯಲ್ಲಿದ್ದ ಹೆಣಿಗೆ ಕೆಳಗಿಟ್ಟು ಹೆರಿಗೆಯ ಚೀಲ ಎತ್ತಿಕೊಂಡಳು.

"ನಮ್ಮ ಎನಾಕ್‌ನ ಮರ್ತೇ ಬಿಟ್ಯಾ?" ಎಂದ ಅವಳ ಗಂಡ ಅಬೈಜಾ.

"ಹೊಟ್ಟೇಲಿರೋ ಕೂಸು ಬಂದೂಕು ಹಿಡ್ಕೊಂಡು ಬಂದಿತ್ತೇನ್ರೀ?"

ಸೇತುವೆಯ ಮೇಲೆ ಊರ ಕಾವಲು ಪಡೆಯ ಸೈಲಸ್ ಪ್ರಾಟ್ ದಾರಿಗಡ್ಡ ನಿಂತ. "ಆ ದ್ರೋಹಿ ಮನೆಗೆ ಯಾರೂ ಹೋಗೋ ಹಾಗಿಲ್ಲ, ಅಮ್ಮಾ."

"ಹುಟ್ಟುವಾಗ್ಲೂ ನೀನು ಹೀಗೇ ಅಡ್ಡ ಬಿದ್ದಿದ್ದೆ ಕಣೋ ಸೈಲಸ್. ಅವತ್ತು ತಿರುಗಿಸಿದ್ದು ನಾನೇ. ಇವತ್ತೂ ತಿರುಗಿಸ್ಬೇಕಾ?"

ಹಿಂದೆ ನಿಂತಿದ್ದವರು ಕಿಸಕ್ಕನೆ ನಕ್ಕರು. ಸೈಲಸ್‌ನ ಮುಖ ಕೆಂಪಾಯಿತು. "ಹೋದ್ರೆ ಈ ಊರಲ್ಲಿ ನಿಮ್ಮನ್ನ ಇನ್ಯಾರೂ ಕರೆಯಲ್ಲ, ನೋಡಿ!"

"ಕರೀಬೇಡಿ," ಎಂದು ಅವನನ್ನು ಬದಿಗೆ ಸರಿಸಿ ನಡೆದಳು.

ಸಂಜೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು, ತಾಯಿಯೂ ಉಳಿದಳು. ಮೆಹಿಟಬಲ್ ಮಗುವನ್ನು ಒರೆಸಿ, ಬಟ್ಟೆ ಸುತ್ತಿ, ಎದೆಗವಚಿಕೊಂಡು ಅತ್ತಳು. ಎನಾಕ್ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಮರುತಿಂಗಳು ವ್ಯಾನ್ ಹೋರ್ನ್‌ರ ಹೊಲಮನೆಯನ್ನು ನಮ್ಮವರು ಜಪ್ತಿ ಮಾಡಿದರು. ಲಿಸ್ಬೆತ್ ಕೂಸಿನೊಂದಿಗೆ ಗಾಡಿ ಹತ್ತಿ, ರಾಜನ ಆಳ್ವಿಕೆಯಲ್ಲೇ ಇದ್ದ ಕೆನಡಾದ ಕಡೆ ಹೊರಟಳು. ಮತ್ತೆ ಈ ಕಡೆ ಬರಲೇ ಇಲ್ಲ.

ಸೈಲಸ್ ಹೇಳಿದಂತೆಯೇ ಆಯಿತು. ಮೆಹಿಟಬಲ್‌ಳನ್ನು ಯಾರೂ ಕರೆಯಲಿಲ್ಲ. ಚರ್ಚಿನಲ್ಲಿ ಅವಳ ಪಕ್ಕದ ಜಾಗ ಖಾಲಿಯೇ ಇರುತ್ತಿತ್ತು. ಅವಳು ಮಾತ್ರ ಪ್ರತಿ ಭಾನುವಾರ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಸೈನ್ಯಕ್ಕೆ ಕಾಲುಚೀಲ ಹೆಣೆಯುವುದನ್ನೂ ಬಿಡಲಿಲ್ಲ.

ಹಿಮ ಬೀಳುವ ಕಾಲಕ್ಕೆ ನಮ್ಮ ಪಾದ್ರಿಯ ಸೊಸೆಗೆ ನೋವು ಬಂತು. ಪಾದ್ರಿಯ ಹೆಂಡತಿ ಯಾರ ಕಣ್ಣಿಗೂ ಬೀಳದಂತೆ ಮೆಹಿಟಬಲ್‌ಳ ಹಿತ್ತಲ ಬಾಗಿಲು ತಟ್ಟಿದಳು.

"ಬರ್ತೀನಿ, ತಾಯಿ," ಎಂದು ಒಳಗಿನಿಂದಲೇ ಹೇಳಿದಳು ಮೆಹಿಟಬಲ್. "ಮುಂಬಾಗಿಲಿಗೆ ಬಂದು ಕರೀರಿ. ಊರೆಲ್ಲ ನೋಡ್ಲಿ."

ಪಾದ್ರಿಯ ಹೆಂಡತಿ ಮನೆ ಬಳಸಿ ಬಂದು ಮುಂಬಾಗಿಲಲ್ಲಿ ಕರೆದಳು. ಹೆಂಡತಿಯ ಚೀಲ ಹೊತ್ತು ಅವರಿಬ್ಬರ ಹಿಂದೆ ಹೊರಟವನು ಅಬೈಜಾ.