ದಾರೋಗಾ ಹಾಕಿದ ತಿಪ್ಪೆ

ನನ್ನ ಮೂಗಿಗೆ ಸರ್ಕಾರ ಸಂಬಳ ಕೊಡುತ್ತದೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಬೇರೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಆಳಂದದಲ್ಲಿ ನಾನು ಸಫಾಯಿ ದಾರೋಗಾ. ಚರಂಡಿ ಹರಿಯುತ್ತಿದೆಯೋ ಇಲ್ಲವೋ, ಬೀದಿಗೆ ಯಾರು ಕಟ್ಟೆ ಚಾಚಿದ್ದಾರೆ, ಯಾವ ಗೋಡೆ ಹೋಗುವವರ ತಲೆಯ ಮೇಲೆ ಬೀಳುವ ಹಾಗಿದೆ, ಯಾರು ಬಾಗಿಲ ಮುಂದೆಯೇ ತಿಪ್ಪೆ ಬೆಳೆಸಿದ್ದಾರೆ, ಇದನ್ನೆಲ್ಲ ನೋಡುವುದು, ಹುಕುಂ ಮಾಡುವುದು, ಕೇಳದಿದ್ದರೆ ನಿಂತು ತೆಗೆಸುವುದು. ಖಾಕಿ ಕೋಟು ಕೊಟ್ಟಿದ್ದರು. ಅದು ನನಗಿಂತ ದೊಡ್ಡ ದಾರೋಗನಿಗೆ ಹೊಲಿದದ್ದು. ಅದರ ತೋಳು ಬೆರಳು ಮುಚ್ಚುತ್ತಿತ್ತು. ಬೈಯುವಾಗ ಕೈ ಎತ್ತಿದರೆ ಬರೀ ತೋಳು ಅಲ್ಲಾಡುತ್ತಿತ್ತೇ ಹೊರತು ಬೆರಳು ಕಾಣುತ್ತಿರಲಿಲ್ಲ.

ಹುಟ್ಟಿದ್ದು ಜೇವರ್ಗಿ, ಕೆಲಸ ಕಲಿತದ್ದು ಅಫಜಲಪುರ. ನಲವತ್ತೇಳರ ಕೊನೆಗೆ ಆಳಂದಕ್ಕೆ ಬದಲಿಯಾಯಿತು. ಆಳಂದ ಹೆಂಡತಿಯ ತವರು. ಅತ್ತೆಯ ಮನೆಯಲ್ಲಿ ಬಿದ್ದುಕೊಂಡಿದ್ದಾನೆ ಅನ್ನಬಾರದೆಂದು ಕಚೇರಿಯ ಬಳಿ ಒಂದು ಕೋಣೆ ಹಿಡಿದೆ. ಊಟಕ್ಕೆ ಮಾತ್ರ ಎರಡೂ ಹೊತ್ತು ಅಲ್ಲಿಗೇ ಹೋಗುತ್ತಿದ್ದೆ. ನನ್ನ ಸ್ವಾಭಿಮಾನ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಅತ್ತೆ ಗಂಡ ತೀರಿಕೊಂಡ ಮೇಲೆ ಕಿಣ್ಣಿ ಸುಲ್ತಾನವೆಂಬ ಹಳ್ಳಿಯ ಹೊಲವನ್ನು ತಾವೇ ಮಾಡಿಸುತ್ತಿದ್ದ ಹೆಂಗಸು. ನನ್ನನ್ನು ಬಹಳ ಮರ್ಯಾದೆಯಿಂದ ಕಾಣುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ ಸಾಕು, ಆಡುತ್ತಿದ್ದ ಮಾತು ನಿಲ್ಲಿಸಿ ತಾಟು ಹಾಕುತ್ತಿದ್ದರು. ಎಂಥ ಗೌರವ ಅಂದುಕೊಂಡು ಉಣ್ಣುತ್ತಿದ್ದೆ.

ನಲವತ್ತೆಂಟರ ಬೇಸಿಗೆಗೆ ನನಗೊಂದು ಹುಚ್ಚು ಹಿಡಿಯಿತು. ಊರಿನಲ್ಲಿ ಒಂದು ಓಣಿಯನ್ನಾದರೂ ಕನ್ನಡಿಯ ಹಾಗೆ ಮಾಡಿ ಮೇಲಿನ ಸಾಹೇಬರಿಗೆ ತೋರಿಸಬೇಕು, ನಮೂನೆಯ ಓಣಿ ಅನ್ನಿಸಿಕೊಳ್ಳಬೇಕು, ಬಡ್ತಿ ಹೊಡೆಯಬೇಕು. ಯಾವ ಓಣಿ? ಅತ್ತೆಯ ಓಣಿ. ತನ್ನವರಿಂದಲೇ ಶುರು ಮಾಡಿದ, ಎಂಥ ನಿಷ್ಪಕ್ಷಪಾತಿ ಎಂದು ಜನ ಹೊಗಳುವುದು ನನಗೆ ಮೊದಲೇ ಕೇಳಿಸುತ್ತಿತ್ತು.

ಓಣಿಯವರು ಗೊಣಗುತ್ತಲೇ ದಾರಿಗೆ ಬಂದರು. ಜೋಳದ ದಂಟಿನ ಕಣಕಿ ಬಣವೆಗಳು ಹಿತ್ತಲಿಗೆ ಹೋದವು. ತಿಪ್ಪೆಗಳು ಊರ ಹೊರಗೆ ಹೋದವು. ಉಳಿದದ್ದು ಅತ್ತೆಯ ಮನೆ ಎದುರಿನ ಕುಳ್ಳಿನ, ಅಂದರೆ ಬೆರಣಿಯ, ಬಣವೆ ಒಂದೇ. ಒಣಗಿದ ಕುಳ್ಳುಗಳನ್ನು ಆಳೆತ್ತರಕ್ಕೆ ಒಟ್ಟಿ, ಮೇಲೆ ಸಗಣಿ ಮೆತ್ತಿ, ಅರ್ಧ ಬೀದಿ ನುಂಗಿ ಕೂತಿತ್ತು. ಗಾಡಿ ತಿರುಗಲು ಜಾಗವಿಲ್ಲ. ಒಂದು ಬೀಡಿಯ ಕಿಡಿ ಬಿದ್ದರೆ ಓಣಿಯೇ ಉರಿದುಹೋಗುತ್ತದೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಈಗಲೂ ಹೇಳುತ್ತೇನೆ.

"ಅದರಾಗ ಹಾವ್ ಅದ್ರಿ," ಅಂದರು ಅತ್ತೆ.

"ಹಾವಿದ್ರ ಮೊದಲು ತೆಗೀಬೇಕ್ರಿ ಅತ್ತಿ."

ಮರುದಿನ ಹಾವು ಎಲ್ಲಿಗೋ ಹೊರಟುಹೋಗಿತ್ತು. "ಮಗಳು ಬಸುರಿ ಇದ್ದಾಳ್ರಿ, ಈ ಹೊತ್ತಿನಾಗ ಬಣವಿ ಕೆಡವಬಾರದಂತ," ಅಂದರು. ಏಳು ತಿಂಗಳು ತುಂಬಿ ಹೆಂಡತಿ ಹೆರಿಗೆಗೆಂದು ತವರಿನಲ್ಲೇ ಇದ್ದಳು. ಬಸುರಿಗೂ ಬಣವೆಗೂ ಎಲ್ಲಿಯ ಸಂಬಂಧ ಎಂದು ನಕ್ಕೆ. ಇನ್ನೆರಡು ದಿನ ಬಿಟ್ಟು ಕೇಳಿದರೆ ಕಾರಣ ಮತ್ತೆ ಬದಲಾಗಿತ್ತು. ಆ ಕುಳ್ಳು ಜಿಡಗಾ ಮಠದ ದಾಸೋಹಕ್ಕೆ ಹರಕೆ ಹೊತ್ತದ್ದಂತೆ, ಹರಕೆ ಕುಳ್ಳನ್ನು ಮುಟ್ಟಬಾರದಂತೆ. ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಜೀವ. ಹೇಳುವಾಗ ನನ್ನ ಮುಖ ನೋಡದೆ ಬಣವೆಯನ್ನು ನೋಡುತ್ತಿದ್ದರು. ಊರೆಲ್ಲ ವಾಸನೆ ಹಿಡಿಯುವ ನನ್ನ ಮೂಗಿಗೆ ಇದರ ವಾಸನೆ ಮಾತ್ರ ಬಡಿಯಲಿಲ್ಲ.

"ಅಷ್ಟೇ ಏನ್ರಿ? ಚಿಂತಿ ಬಿಡ್ರಿ," ಅಂದೆ. "ಹರಕಿ ನಾ ಮುಟ್ಟಿಸ್ತೇನಿ."

ಸಾಹೇಬರು ಬರುವ ದಿನ ಬೆಳಗ್ಗೆ ಗಾಡಿ ತಂದು ನಿಲ್ಲಿಸಿದೆ. ಆಳುಗಳನ್ನು ಹಚ್ಚಿ ಬಣವೆ ಒಡೆಸಿ ಕುಳ್ಳನ್ನೆಲ್ಲ ಹೇರಿಸಿ ಜಿಡಗಾಕ್ಕೆ ಹೊಡೆಸಿಬಿಟ್ಟೆ. ಹರಕೆಯೂ ತೀರಿತು, ರಸ್ತೆಯೂ ತೆರವಾಯಿತು. ಓಣಿಯ ಮಂದಿ ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ನನ್ನ ಕೆಲಸ ಕಂಡು ಬೆರಗಾಗಿದ್ದಾರೆ ಅಂದುಕೊಂಡೆ. ಅತ್ತೆ ಹೊಸ್ತಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ಧೂಳಿಗೆ ಇರಬೇಕು ಅಂದುಕೊಂಡೆ. ಅವತ್ತು ನಾನು ಅಂದುಕೊಂಡ ಒಂದೂ ಸರಿ ಇರಲಿಲ್ಲ.

ಕಸ ಗುಡಿಸಿದ ಮೇಲೆ ನೆಲದಲ್ಲಿ ದುಂಡಗೆ ಮಣ್ಣು ಮೆತ್ತಿದ ಗುರುತು ಕಂಡಿತು. ಕಾಲಲ್ಲಿ ಕೆದರಿದೆ. ಅಡಿಯಲ್ಲಿ ಬಂಡೆಗಲ್ಲು. ಹಗೇವಿನ ಬಾಯಿ. ನಮ್ಮ ಕಡೆ ಜೋಳವನ್ನು ನೆಲದಲ್ಲಿ ಕುಣಿ ತೋಡಿ ಇಡುತ್ತಾರೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಳಗೆಲ್ಲ ಹುಲ್ಲು ಹೊದಿಸಿ ಜೋಳ ಸುರಿದು ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತದೆ. ಜೇವರ್ಗಿಯಲ್ಲಿ ನನ್ನ ಅಜ್ಜನದೂ ಒಂದಿತ್ತು. ಹಾಗಿದ್ದೂ ಆ ಕೋಟಿನೊಳಗಿದ್ದ ನನಗೆ ಅಲ್ಲಿ ಜೋಳ ಕಾಣಲಿಲ್ಲ, ಅಪಾಯ ಕಂಡಿತು! ಅಫಜಲಪುರದಲ್ಲಿ ಹಾಳು ಹಗೇವಿನ ಬಂಡೆ ಕುಸಿದು ಎತ್ತೊಂದು ಒಳಗೆ ಬಿದ್ದದ್ದನ್ನು ನೋಡಿದ್ದೆ.

"ಹಾಳ ಹಗೇವು!" ಎಂದು ತೋಳು ಅಲ್ಲಾಡಿಸಿದೆ. "ಬೀದಿ ನಡುವ ಬಿಟ್ಟೀರಲ್ಲ, ಮಂದಿ ಸಾಯಬೇಕೇನು? ತೆಗೀರಿ ಕಲ್ಲು. ಮಣ್ಣು ತುಂಬ್ರಿ!"

ಆಗ ಒಳಗಿನಿಂದ ಹೆಂಡತಿ ಬಂದಳು. ತುಂಬಿದ ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ ಬಂದು ಆ ಬಂಡೆಯ ಮೇಲೆ ಕೂತುಬಿಟ್ಟಳು.

"ನಿಮಗೇನರೆ ಬುದ್ಧಿ ಅದ ಏನ್ರಿ?"

ಮದುವೆಯಾದಾಗಿನಿಂದ ಆ ಪ್ರಶ್ನೆ ಅವಳ ಬಾಯೊಳಗೇ ಇತ್ತೆಂದು ಕಾಣುತ್ತದೆ, ಅಷ್ಟು ಸಲೀಸಾಗಿ ಬಂತು. ಆಳುಗಳನ್ನು ಉಣ್ಣಲು ಕಳಿಸಿ ಅಂದಳು. ಕಳಿಸಿದೆ. ಅವರು ಓಣಿ ದಾಟುವವರೆಗೆ ಸುಮ್ಮನಿದ್ದು ದನಿ ತಗ್ಗಿಸಿದಳು.

"ಇದು ಹಾಳ ಹಗೇವಲ್ಲ. ತುಂಬೇದ. ಕಿಣ್ಣಿ ಸುಲ್ತಾನದ ಹೊಲದ್ದು, ಓಣಿ ಮಂದೀದು, ಎಲ್ಲಾರ ಜ್ವಾಳ ಇದರಾಗೇ ಅದ. ಹ್ವಾದ ವರ್ಷ ಲೆವಿ ಮಂದಿ ಬಂದು ಮನ್ಯಾಗಿನ ಗುಮ್ಮಿ ಜ್ವಾಳ ಬಳಕೊಂಡು ಹೋದ್ರು, ತಿನ್ನಾಕ ಒಂದು ಹಿಡಿ ಬಿಡಲಿಲ್ಲ. ಈಗ ಇದೂ ಹ್ವಾದ್ರ ಮಳಿಗಾಲದಾಗ ಬಾಣಂತಿ ನಾ ಏನ್ ತಿನ್ಲಿ? ನಿಮ್ಮ ಕಾಯ್ದೆ ತಿನ್ಲೇನು?"

"ನನಗ್ಯಾಕ ಹೇಳ್ಲಿಲ್ಲ?" ಅಂದೆ.

ಉತ್ತರ ಕೊಟ್ಟವರು ಅತ್ತೆ. ಬೈಯಲೂ ಇಲ್ಲ, ಅಳಲೂ ಇಲ್ಲ. "ನೀವು ಸರ್ಕಾರದವರಲ್ರಿ," ಅಂದರು.

ನಾನು ಒಳಗೆ ಬಂದಾಗ ನಿಲ್ಲುತ್ತಿದ್ದ ಮಾತುಗಳೆಲ್ಲ ಆ ಕ್ಷಣ ನೆನಪಾದವು. ಬಹಳ ನೋವಾಯಿತು. ನೋಯಲು ಹೊತ್ತೂ ಇರಲಿಲ್ಲ, ಯಾಕೆಂದರೆ ಮಧ್ಯಾಹ್ನ ಬರುವವರು ಸಫಾಯಿಯ ಸಾಹೇಬರು ಒಬ್ಬರೇ ಅಲ್ಲ. ಅವರ ಮೋಟಾರಿನಲ್ಲಿ ಜಾಗವಿದೆಯೆಂದು ಸರ್ಕಾರದ ಪಾಲಿನ ಧಾನ್ಯ ವಸೂಲಿ ಮಾಡುವ ಲೆವಿಯ ಗಿರದಾವರನೂ ಬರುವವನಿದ್ದ. ಧಾನ್ಯ ಬಚ್ಚಿಟ್ಟಿದ್ದಾರೆಂದು ಅನುಮಾನ ಬಂದಲ್ಲೆಲ್ಲ ಕಬ್ಬಿಣದ ಸಲಾಕಿ ಚುಚ್ಚಿ ನೋಡುವವನು ಆತ. 'ನೀವೂ ಬಂದು ನಮ್ಮ ಓಣಿಯನ್ನು ಪಾವನ ಮಾಡಬೇಕು' ಎಂದು ಆತನಿಗೆ ಕೈಮುಗಿದು ಹೇಳಿಬಂದವನು ನಾನೇ.

ಮುಚ್ಚಲು ಏನಾದರೂ ಬೇಕು. ಏನಿದೆ? ಅತ್ತೆಯ ಕುಳ್ಳು ಜಿಡಗಾ ದಾರಿಯಲ್ಲಿತ್ತು. ಹಿತ್ತಲ ಕಣಕಿ ತಂದು ಒಟ್ಟಿದರೆ ಗಿರದಾವರ ಮೊದಲು ಚುಚ್ಚುವುದೇ ಕಣಕಿಯನ್ನು. ಓಣಿಯಲ್ಲಿ ಬೇರೆ ಒಂದು ಕಡ್ಡಿ ಉಳಿಯದಂತೆ ಗುಡಿಸಿದ್ದೆ. ಅಷ್ಟು ಅಚ್ಚುಕಟ್ಟಾಗಿ ನಾನು ಕೆಲಸ ಮಾಡಿದ್ದು ಜನ್ಮದಲ್ಲಿ ಅದೊಂದೇ ಸಲ. ಉಳಿದಿದ್ದು ಓಣಿಯ ಮೂಲೆಯಲ್ಲಿ ನಿಂತಿದ್ದ ಕಸದ ಗಾಡಿ. ಅದರ ತುಂಬ ಇದೇ ಓಣಿಯ ಚರಂಡಿಯಿಂದ ನಾನು ಬಳಿಸಿದ ಕೊಳೆ.

ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟೆ.

"ತಡೀರಿ," ಅಂದರು ಅತ್ತೆ. "ಮೊದಲು ಬೂದಿ ಹಾಕ್ರಿ. ಹಸಿ ತಾಕಿದ್ರ ಜ್ವಾಳ ಮುಗ್ಗತಾವ."

ಮನೆಮನೆಯ ಒಲೆಯ ಬೂದಿ ಬಂತು. ಬೂದಿ ಹಾಕಿ ತುಳಿದೆವು. ಆಮೇಲೆ ಗಾಡಿಯನ್ನು ನಾನೇ ದಬ್ಬಿಕೊಂಡು ಬಂದು ಬುಟ್ಟಿ ಬುಟ್ಟಿಯಾಗಿ ಸುರಿಯತೊಡಗಿದೆ. ಹಾಡುಹಗಲು, ತಲೆಯ ಮೇಲೆ ಬಿಸಿಲು. ಮೊಳಕೈವರೆಗೆ ಕಪ್ಪು ರಾಡಿ, ಮೈಮೇಲೆ ನೊಣ. ಯಾರೋ ಹೆಣ್ಣುಮಗಳು ಕಿಸಕ್ಕನೆ ನಕ್ಕಳು. ಅಷ್ಟಕ್ಕೇ ಕಾದಿದ್ದ ಹಾಗೆ ಓಣಿಯೇ ನಕ್ಕಿತು.

"ದಾರೋಗಾ ಸಾಹೇಬ್ರ, ನಮ್ಮನ್ಯಾಗೂ ಒಂದು ಬುಟ್ಟಿ ಅದ ಬರ್ರಿ!"

"ಎವ್ವಾ, ಮ್ಯಾಲ ಛಂದಂಗ ಹರವ್ರಿ, ನಮೂನಿ ಓಣಿ ಅಲ್ರಿ ಇದು!"

ಸಿಟ್ಟು ನೆತ್ತಿಗೇರಿತು. ಆದರೆ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಸಿಟ್ಟು ಮಾಡುವುದು ಸುಲಭವಲ್ಲ, ಬೇಕಾದರೆ ಮಾಡಿ ನೋಡಿ. ಆಮೇಲೆ ಅವರೇ ಬುಟ್ಟಿಗೆ ಕೈ ಹಚ್ಚಿದರು.

ಮೋಟಾರು ಬಂದಾಗ ಕೋಟು ಹಾಕಿಕೊಂಡು, ಕೈ ತೋಳಿನೊಳಗೆ ಅಡಗಿಸಿ ನಿಂತಿದ್ದೆ. ಆ ಕೋಟು ಉಪಯೋಗಕ್ಕೆ ಬಂದದ್ದು ಆಗಲೇ. ಸಾಹೇಬರು ಇಳಿದರು, ಒಂದು ಹೆಜ್ಜೆ ಇಟ್ಟರು, ಮೂಗಿಗೆ ಕರವಸ್ತ್ರ ಹೋಯಿತು.

"ಕ್ಯಾ ಹೈ ಜೀ ಯೇ? ಇದೇ ಏನು ನಿಮ್ಮ ನಮೂನಿ ಓಣಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೊಸ್ತಿಲಿಂದ ಕೂಗಿದರು. "ಇವರೇ ತಂದು ಹಾಕ್ಯಾರ್ರಿ ಸಾಹೇಬ್ರ! ನಮ್ಮನಿ ಮುಂದ! ಹೇಳೋರಿಲ್ಲ, ಕೇಳೋರಿಲ್ಲ!"

ಅವರು ಆಡಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಾಹೇಬರು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. ಅಷ್ಟರಲ್ಲಿ ಗಿರದಾವರ ಸಲಾಕಿ ಹಿಡಿದು ತಿಪ್ಪೆಯ ಕಡೆ ನಡೆದ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆತ ಅಂಚಿನಲ್ಲಿ ಸಲಾಕಿ ಊರಿದ.

"ಹುಜೂರ್," ಅಂದೆ, "ಅದರಾಗ ಸತ್ತ ನಾಯಿ ಅದ್ರಿ. ಯಾವ ಬ್ಯಾನಿಯಿಂದ ಸತ್ತದೋ ಇನ್ನಾ ತಿಳಿದಿಲ್ಲ."

"ಎರಡು ನಾಯಿ ಅವ್ರಿ," ಅಂದರು ಅತ್ತೆ.

ಗಿರದಾವರ ಸಲಾಕಿ ಎಳೆದ. ತುದಿಗೆ ಅಂಟಿಕೊಂಡು ಬಂದದ್ದು ಏನೋ ನನಗೂ ಗೊತ್ತಾಗಲಿಲ್ಲ. ಆತ ಅದನ್ನು ನೋಡಿದ, ಸಲಾಕಿಯನ್ನು ಅಲ್ಲೇ ಬಿಸಾಕಿದ, ಓಕರಿಸುತ್ತ ಮೋಟಾರಿನ ಕಡೆ ಓಡಿದ. ಸಾಹೇಬರು ಮಾತ್ರ ನಿಂತು, ಓಣಿಯ ಮಂದಿಯೆಲ್ಲ ಕೇಳುವಂತೆ ನನಗೆ ಮಂಗಳಾರತಿ ಎತ್ತಿದರು. ನನ್ನಂಥ ಹೊಲಸು ಮನುಷ್ಯನನ್ನು ಇಡೀ ನೌಕರಿಯಲ್ಲಿ ಕಂಡಿಲ್ಲವಂತೆ. ನನ್ನ ಕೈಗಳನ್ನು ನೋಡಿದ್ದರೆ ಇನ್ನೂ ಏನೇನು ಅನ್ನುತ್ತಿದ್ದರೋ. ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡೆ. ಅವಮಾನವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಬೈಗುಳ ಮುಗಿಯುವಷ್ಟರಲ್ಲಿ ಗಿರದಾವರನಿಗೆ ಧೈರ್ಯ ಬಂದು ತಿರುಗಿ ಬಂದಾನೇ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಆತ ತಿರುಗಿ ಬರಲಿಲ್ಲ.

ಬಡ್ತಿಯ ಬದಲು ನನ್ನನ್ನು ಚೌಡಾಪುರಕ್ಕೆ ಹಾಕಿದರು. ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ಅಲ್ಲಿ ದಾರಿಬದಿಯಲ್ಲಿ ಕೂತು ಉಂಡು ಪತ್ರಾವಳಿ ಬಿಸಾಕುತ್ತಿದ್ದರು. ಅವನ್ನು ಎತ್ತಿಸುವ ಉಸ್ತುವಾರಿ ನನ್ನದು. ಎತ್ತಿಸಲು ಆಳು ಕೊಟ್ಟಿರಲಿಲ್ಲವಾದ್ದರಿಂದ ಉಸ್ತುವಾರಿಯನ್ನು ಬಗ್ಗಿ ಬಗ್ಗಿ ಮಾಡಬೇಕಾಗುತ್ತಿತ್ತು. ಆಳಂದದಲ್ಲಿ ನನ್ನ ಜಾಗಕ್ಕೆ ಬಂದ ಹೊಸ ದಾರೋಗಾ ಮಹಾ ಸೋಮಾರಿ. ಆ ತಿಪ್ಪೆಯನ್ನು ಮುಟ್ಟಲೇ ಇಲ್ಲ. ಅಂಥ ಸೋಮಾರಿಯನ್ನು ಕೊಟ್ಟದ್ದಕ್ಕೆ ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ.

ಆಷಾಢದಲ್ಲಿ ಹೆಣ್ಣು ಮಗು ಹುಟ್ಟಿತು. ಶ್ರಾವಣದ ಜಿಟಿಜಿಟಿ ಮಳೆ ಬಿಟ್ಟು ಬಿಸಿಲು ಬಿದ್ದಾಗ ಅತ್ತೆ ಹೇಳಿ ಕಳಿಸಿದರು: ಹಗೇವು ತೆಗೆಯುತ್ತೇವೆ, ಬರಬೇಕು. ಹೋದೆ. ತಿಪ್ಪೆಯನ್ನು ನಾನೇ ಬಳಿದೆ. ಹಾಕಿದವನೇ ತೆಗೆಯಬೇಕೆಂದು ಓಣಿಯವರ ತೀರ್ಮಾನವಾಗಿತ್ತು. ಗಿರದಾವರ ಬಿಟ್ಟುಹೋದ ಸಲಾಕಿಯಿಂದಲೇ ಬಂಡೆ ಮೀಟಿದೆವು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ದೀಪ ಆರಲಿಲ್ಲ. ಅತ್ತೆಯೇ ಕುಣಿಯ ಬಾಯಿಗೆ ಬಗ್ಗಿ ಮೊದಲ ಹಿಡಿ ಮೇಲೆತ್ತಿದರು. ಜೋಳ ಕೆಟ್ಟಿರಲಿಲ್ಲ.

ಮನೆಮನೆಗೆ ಪಾಲು ಹೋಯಿತು. ನಡುವಿನ ಒಳ್ಳೆಯ ಕಾಳು ಓಣಿಯವರಿಗೂ ಬಾಣಂತಿಗೂ. ಅಂಚಿನದು, ಸ್ವಲ್ಪ ಕಪ್ಪಾಗಿ ಮುಗ್ಗಿದ್ದು, ಅತ್ತೆಯ ಪಾಲಿಗೆ. ಅವತ್ತು ಅದರದ್ದೇ ರೊಟ್ಟಿ ಬಡಿದರು. ನಾನು ಒಳಗೆ ಹೋದಾಗ ನೆರೆಯ ಹೆಂಗಸರು ಒಲೆಯ ಸುತ್ತ ಕೂತು ಮುಂದಿನ ಸುಗ್ಗಿಯ ಜೋಳ ಎಲ್ಲಿಡುವುದೆಂದು ಮಾತಾಡುತ್ತಿದ್ದರು. ಬಾಗಿಲಲ್ಲಿ ನಿಂತೆ. ಮಾತು ಈಗ ನಿಲ್ಲುತ್ತದೆ ಎಂದು ಕಾದೆ.

ನಿಲ್ಲಲಿಲ್ಲ. ನನ್ನನ್ನು ನೋಡಿಯೂ ಮುಂದುವರಿಸಿದರು.

ತಾಟಿಗೆ ರೊಟ್ಟಿ ಬಂತು. ಮುಗ್ಗು ವಾಸನೆ ಗಪ್ಪೆಂದು ಬಡಿಯಿತು. ಬೇರೆಯವರ ಮನೆಯಾಗಿದ್ದರೆ ಹುಕುಂ ಮಾಡುತ್ತಿದ್ದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಒಳಗಿನ ಕೋಣೆಯಿಂದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೆಂಡತಿಯೂ ನೋಡುತ್ತಿದ್ದಳು.

"ವಾಸನಿ ಬರ್ತದೇನ್ರಿ?"

"ಇಲ್ರಿ ಅತ್ತಿ," ಅಂದೆ. "ಇನ್ನೊಂದು ಹಾಕ್ರಿ."

ಹಾಕಿದರು. ಹಾಕುತ್ತಲೇ ಹೇಳಿದರು: "ಸುಗ್ಗಿ ಆದಮ್ಯಾಲ ಹಗೇವು ತುಂಬೋ ದಿನ ನೀವು ಬರಬೇಕ್ರಿ. ಮ್ಯಾಲ ಏನ್ ಹಾಕಬೇಕಂತ ನೀವ ಹೇಳ್ರಿ."