ಬೆಳಕಿಗಿಟ್ಟ ಬಣ್ಣ

ಇಳಕಲ್ಲಿನ ಶಿವರುದ್ರಪ್ಪ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷದಿಂದ ಲ್ಯಾಬ್ ಅಟೆಂಡರ್. ಅಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದವನು. ಮಗನಿಗೂ ಕಡೆಗೆ ಬಣ್ಣವೇ ಗಂಟುಬಿತ್ತು. ಇಲ್ಲಿಯ ಬಣ್ಣ ಮಾತ್ರ ಬೇರೆ. ಜೀವಕೋಶದೊಳಗಿನ ಒಂದೇ ಒಂದು ಪ್ರೋಟೀನಿಗೆ ಅಂಟಿಕೊಂಡು ಸೂಕ್ಷ್ಮದರ್ಶಕದ ಕೆಳಗೆ ಹಸಿರಾಗಿ ಹೊಳೆಯುತ್ತದೆ, ಬೆಳಕಿಗಿಟ್ಟರೆ ಸಾಯುತ್ತದೆ. ಶೀಶೆಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತುವುದು ಅವನ ಕೆಲಸ. ಕಿಟಕಿಯ ಪರದೆ ಸರಿಸಿದವರು ಎಷ್ಟೇ ಓದಿದವರಾಗಲಿ, ಮುಖ ಮೂತಿ ನೋಡದೆ ಬೈಯುತ್ತಿದ್ದ. ಬೈಯುವ ಹಕ್ಕೂ ಅವನಿಗಿತ್ತೆನ್ನಿ.

ಅಂಥವನೇ ಆ ದಸರೆಯಲ್ಲಿ ಎಡವಿದ. ಖಂಡೇನವಮಿ ದಿನ ಲ್ಯಾಬಿಗೆ ರಜೆ; ಅವನು ಮಾತ್ರ ಪೂಜೆಗೆಂದು ಬಂದಿದ್ದ. ದುಡಿಯುವ ಸಾಮಾನೆಲ್ಲ ಹೊರತೆಗೆದು ಪೂಜಿಸಬೇಕು, ಮರುದಿನದವರೆಗೆ ಕದಲಿಸಬಾರದು. ಅದು ಅವರ ಮನೆತನದ ನೇಮ. ಸೂಕ್ಷ್ಮದರ್ಶಕಕ್ಕೆ ವಿಭೂತಿ ಹಚ್ಚುವಾಗ ನೀತಾಳ ಪೆಟ್ಟಿಗೆ ಕಣ್ಣಿಗೆ ಬಿತ್ತು. ನೀತಾ ಅಲ್ಲಿ ಸಂಶೋಧನೆ ಮಾಡುವ ಸೊಲ್ಲಾಪುರದ ಹುಡುಗಿ; ಲ್ಯಾಬಿನಲ್ಲಿ ಅವನೊಂದಿಗೆ ಕನ್ನಡ ಮಾತಾಡುವವಳು ಅವಳೊಬ್ಬಳೇ. ತೀರಿಹೋದ ರೋಗಿಯೊಬ್ಬರ ಗಡ್ಡೆಯ ತೆಳು ಪದರಗಳಿಗೆ ಬಣ್ಣ ಹಾಕಿ ನಲವತ್ತು ಗಾಜಿನ ಸ್ಲೈಡು ಮಾಡಿ ಅದರಲ್ಲಿಟ್ಟಿದ್ದಳು. ರಜೆ ಮುಗಿದ ಮೇಲೆ ಫೋಟೊ ತೆಗೆಯುವವಳಿದ್ದಳು. ಆ ಗಡ್ಡೆಯ ಚೂರು ಮತ್ತೆ ಸಿಗುವಂಥದ್ದಲ್ಲ, ನಾಲ್ಕು ವರ್ಷದ ದುಡಿಮೆ ಅದರ ಮೇಲೇ ನಿಂತಿತ್ತು.

ಹುಡುಗಿಗೆ ಒಳ್ಳೆಯದಾಗಲಿ ಎಂದು ಶಿವರುದ್ರಪ್ಪ ಪರದೆ ಸರಿಸಿ ಕಿಟಕಿಯ ಕಟ್ಟೆಯ ಮೇಲೆ ಹಿಡಿಸಿದಷ್ಟು ಸ್ಲೈಡು ಹರಡಿ ಹೂವಿಟ್ಟ. ಶೀಶೆಯಲ್ಲಿಯ ಬಣ್ಣಕ್ಕೆ ಬೆಳಕಿನ ಭಯ, ಅಂಟಿ ಒಣಗಿದ ಬಣ್ಣಕ್ಕೇನು ಎಂಬುದು ಅವನ ಎಣಿಕೆ. ಅದು ನೂಲು ಕಲಿಸಿದ ಪಾಠ. ಸ್ಲೈಡುಗಳನ್ನು ಅವನು ಹಿಂದೆಂದೂ ಮುಟ್ಟಿದವನಲ್ಲ. ಮರುದಿನ ಬನ್ನಿ ಎಲೆ ಏರಿಸಿ, ಸ್ಲೈಡುಗಳನ್ನು ಪೆಟ್ಟಿಗೆಗೆ ಸೇರಿಸಿ, ಸಮಾಧಾನದಿಂದ ಧನಕವಡಿಯ ಮನೆಗೆ ಹೋದ.

ಸೋಮವಾರ ನೀತಾ ಮೇಲಿನ ಎಂಟು ಸ್ಲೈಡು ನೋಡಿದಳು. ಎಂಟರಲ್ಲೂ ಬರೀ ಕತ್ತಲು. ಬಣ್ಣ ಕಲಸುವಾಗ ತಾನೇ ತಪ್ಪಿದೆ, ಒಟ್ಟಿಗೇ ಹಾಕಿದ್ದೆನಲ್ಲ, ನಲವತ್ತೂ ಹಾಳು ಎಂದು ಅತ್ತಳು. ಆದದ್ದೇನೆಂದು ಶಿವರುದ್ರಪ್ಪನಿಗೆ ಆ ಗಳಿಗೆಗೇ ತಿಳಿಯಿತು. ಆದರೆ ಬೆಳಕಿಗಾಗಿ ಊರಿಗೆಲ್ಲ ಬೈದ ಬಾಯಿ ತನ್ನ ತಪ್ಪಿಗೆ ತೆರೆಯಲಿಲ್ಲ. ಅವಳು ಪೆಟ್ಟಿಗೆಯನ್ನು ಕಸಕ್ಕೆ ಹಾಕಿದಳು. ಸಂಜೆ ಸುಡುವ ಕಸದ ಗಾಡಿಗೆ ಚೀಲ ಎತ್ತಿಕೊಟ್ಟವನು ಅವನೇ.

ಎರಡು ದಿನ ರೊಟ್ಟಿ ಮುಟ್ಟದೆ ತಾಟು ಸರಿಸಿ ಎದ್ದ. ಹೆಂಡತಿ ಪಾರವ್ವ ಕೆದಕಿ ಕೆದಕಿ ಕೇಳಿ, ಕಡೆಗೆ, ಹೋಗಿ ಹೇಳಿಬಿಡ್ರಿ ಎಂದಳು. ಬುಧವಾರ ಹೋಗಿ ಹೇಳಿದ. ನೀತಾ ಕುರ್ಚಿ ತಿರುಗಿಸಿ ಅವನತ್ತ ನೋಡಿದಳು.

"ನಲವತ್ತೂ ಕಿಟಕ್ಯಾಗ ಇಟ್ಟಿದ್ರೇನ್ರಿ ಕಾಕಾ?"

"ಇಲ್ಲವ್ವಾ. ಜಾಗಾ ಸಾಲಲಿಲ್ಲ. ಕೆಳಗಿನ ಅರ್ಧ ಪೆಟ್ಟಿಗ್ಯಾಗ ಹಂಗ ಬಿಟ್ಟಿದ್ದೆ."

ಹೇಳಿ ಮುಗಿಸುವಷ್ಟರಲ್ಲಿ ತಾನು ಹೇಳಿದ್ದು ಏನೆಂದು ಅವನಿಗೇ ತಿಳಿಯಿತು. ನೀತಾ ಮುಖ ಮುಚ್ಚಿಕೊಂಡಳು.

"ಅವು ಚಲೋ ಇದ್ವಲ್ರೀ ಕಾಕಾ," ಎಂದಳು. "ಸೋಮವಾರ ಒಂದ ಮಾತು ಹೇಳಿದ್ರ ಸಾಕಿತ್ತು."

ಬೈಯವ್ವಾ, ಬಾಯಿಗೆ ಬಂದಂಗ ಬೈಯಿ ಎಂದು ಅವನು ಕೈಮುಗಿದ. ಅವಳು ಬೈಯಲಿಲ್ಲ. ಮುದುಕನ ಮುಗಿದ ಕೈ ಹಿಡಿದು ಇಳಿಸಿ, ಕೂಡ್ರಿ ಎಂದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು.