ಬಿಸಿಯೇರಿದ ಟ್ರ್ಯಾಕ್ಟರ್ ಮುಂದೆ ಭಾಗವ್ವ

ಕೆಂಗೇರಿಯಲ್ಲಿ ಬೆಳಕು ಹರಿಯೋ ಹೊತ್ತು. ಮೈಸೂರು ರಸ್ತೆಗೆ ಬೆನ್ನು ಹಾಕಿ ನಿಂತಿರುವ ಗ್ಯಾರೇಜೊಂದರ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಬಲ್ಬಿನ ಕೆಳಗೆ ಸೀರೆಯ ಮೇಲೆ ಗಂಡನ ಹಳೇ ಖಾಕಿ ಶರ್ಟು ತೊಟ್ಟ ಭಾಗವ್ವ, ಒಂದು ಪುಟ್ಟ ಟ್ರ್ಯಾಕ್ಟರಿನ ಮೂತಿಯ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ತಣ್ಣಗಿದೆ. ಇನ್ನು ರೇಡಿಯೇಟರ್ ಮುಚ್ಚಳ ತೆಗೆಯಬಹುದು.

"ಬಿಸಿ ಇದ್ದಾಗ ಇದನ್ನ ಮುಟ್ಟಿದ್ರೆ ಏನಾಗ್ತದ ಅಂತ ಇಲ್ಲಿ ನೋಡ್ರಿ" ಎಂದು ಮುಂಗೈಯ ಕಲೆ ತೋರಿಸುತ್ತಾರೆ. "ಹೊಸದ್ರಾಗ ಅವಸರ ಮಾಡಿದ್ದೆ. ಕುದಿಯೋ ನೀರು ಹಾರಿ ಮೈಮ್ಯಾಲೆ ಬಿತ್ತು. ಅವತ್ತಿಂದ ಗಾಡಿ ತಣ್ಣಗಾಗೋ ತನಕ ನಾನೂ ತಣ್ಣಗಿರ್ತೀನಿ."

ಬಾಯಲ್ಲಿ ಹಾಗಂದರೂ ಇವತ್ತು ಅವರು ತಣ್ಣಗಿಲ್ಲ. ಯಾಕೆಂದರೆ ಈ ಟ್ರ್ಯಾಕ್ಟರ್ ‘ರಿಟರ್ನ್’. ರಿಪೇರಿಯಾಗಿ ಹೋದ ಗಾಡಿ ಅದೇ ಕಾಯಿಲೆ ಹೊತ್ತು ಮತ್ತೆ ಬಂದರೆ ಗ್ಯಾರೇಜಿನವರು ಕರೆಯುವ ಹೆಸರು ಅದು. ರಿಟರ್ನ್ ಬಂದರೆ ಮೊದಲು ಕೆಲಸ ಮಾಡಿದವರೇ ನೋಡಬೇಕು, ಅದು ಮುಗಿಯುವವರೆಗೆ ಬೇರೆ ಗಾಡಿಗೆ ಕೈ ಹಚ್ಚುವಂತಿಲ್ಲ. ಇಲ್ಲಿ ಅದೇ ಕಾನೂನು. ಮೂರು ವಾರದ ಕೆಳಗೆ ಇದರ ರೇಡಿಯೇಟರ್ ತೊಳೆದು ಕೊಟ್ಟವರು ಭಾಗವ್ವ. ಇಷ್ಟು ವರ್ಷದಲ್ಲಿ ಅವರ ಹೆಸರಿಗೆ ಬಂದ ಮೊದಲ ರಿಟರ್ನ್ ಇದು.

ಗಾಡಿ ಬಸವೇಶ್ವರನಗರದ ಹನುಮಂತಯ್ಯನವರದು. ಹಿಂದೆ ಸಣ್ಣ ಟ್ಯಾಂಕರ್ ಕಟ್ಟಿಕೊಂಡು ಪಾರ್ಕಿನ ಗಿಡಗಳಿಗೆ, ರಸ್ತೆ ಬದಿಯ ಸಸಿಗಳಿಗೆ ನೀರು ಬಿಡುವುದು ಅವರ ಕಸುಬು. ಈ ಮಾಡೆಲ್ ಬರುವುದು ನಿಂತು ಕಾಲವಾಗಿದೆ. ಖಾಲಿ ಓಡಿದರೆ ಸಾಧು, ಟ್ಯಾಂಕರ್ ತುಂಬಿಸಿಕೊಂಡು ಏರು ಹತ್ತಿದರೆ ಬಿಸಿಯ ಮುಳ್ಳು ಕೆಂಪಿಗೆ ಹೋಗಿ ಕೂರುತ್ತದೆ. ಹೋದ ಸಲದ ತಪ್ಪು ಸ್ಪಷ್ಟವಾಗಿತ್ತು: ರೇಡಿಯೇಟರಿಗೆ ನೀರು ಕಡಿಮೆಯಾದಾಗಲೆಲ್ಲ ಹನುಮಂತಯ್ಯ ತಮ್ಮ ಟ್ಯಾಂಕರಿನ ನಲ್ಲಿಯಿಂದಲೇ ಬೋರ್‌ವೆಲ್ ನೀರು ಸುರಿಯುತ್ತಿದ್ದರು. ಒಳಗಿನ ಕೊಳವೆಗಳಲ್ಲೆಲ್ಲ ಸುಣ್ಣ ಕಟ್ಟಿತ್ತು. ಭಾಗವ್ವ ಅದನ್ನು ಕರಗಿಸಿ ತೆಗೆದರು, ನೀರಿನ ಬದಲು ಕೂಲಂಟ್ ದ್ರವ ತುಂಬಿಸಿದರು, ಹನುಮಂತಯ್ಯನವರಿಗೆ ಚೆನ್ನಾಗಿ ಬೈದರು. ಗಾಡಿ ಕೆಲವು ದಿನ ಲಕ್ಷಣವಾಗಿ ಓಡಿತು. ಆಮೇಲೆ ಮತ್ತೆ ಕಾಯಲು ಶುರು.

ಬೇರೆ ಇಬ್ಬರು ಮೆಕ್ಯಾನಿಕ್ಕುಗಳು ನಿಂತ ನಿಲುವಿನಲ್ಲೇ "ಹೆಡ್ ಬಿಚ್ಚಬೇಕು" ಎಂದರಂತೆ. ಅಂದರೆ ಇಂಜಿನ್ನಿನ ತಲೆಯನ್ನೇ ತೆಗೆಯುವ ಕೆಲಸ. ಅದಕ್ಕೆ ಬೇಕಾದ ಸಾಮಾನು ಈ ಮಾಡೆಲ್ಲಿಗೆ ಸಿಗುವುದೇ ಅನುಮಾನ. ಹನುಮಂತಯ್ಯ ಕೈಚೆಲ್ಲಿ, ಮಧ್ಯಾಹ್ನಕ್ಕೆ ಬನ್ನಿ ಎಂದು ಗುಜರಿಯವರಿಗೆ ಹೇಳಿಬಿಟ್ಟಿದ್ದಾರೆ. ಅಷ್ಟರೊಳಗೆ ಕಾರಣ ಸಿಕ್ಕದಿದ್ದರೆ ಟ್ರ್ಯಾಕ್ಟರ್ ತೂಕಕ್ಕೆ ಹೋಗುತ್ತದೆ. ಅದರ ಜೊತೆಗೆ ಭಾಗವ್ವ ತೊಳೆದದ್ದು ನಿಲ್ಲಲಿಲ್ಲ ಅನ್ನುವ ಮಾತೂ ಊರ ಮೇಲೆ ಹೋಗುತ್ತದೆ.

ಭಾಗವ್ವ ಯಾದಗಿರಿ ಕಡೆಯವರು. ಮೈಸೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲಕ್ಕೆ ಕಾಂಕ್ರೀಟ್ ಕೆಲಸದ ಗಂಡ ರೇವಣಸಿದ್ದನ ಜೊತೆ ಬಂದು ದೀಪಾಂಜಲಿ ನಗರದ ಹತ್ತಿರ ಶೆಡ್ಡಿನಲ್ಲಿ ಸಂಸಾರ ಹೂಡಿದರು. ಈ ಗ್ಯಾರೇಜಿಗೆ ಸೇರಿದ್ದು ಕಸ ಗುಡಿಸಲು, ಟೀ ಲೋಟ ತೊಳೆಯಲು. ಒಂದು ದಿನ ರೇಡಿಯೇಟರ್ ಕೆಲಸದವನು ಹೇಳದೆ ಕೇಳದೆ ಕೆಲಸ ಬಿಟ್ಟ. ಮಾಲೀಕ ಪಂಚಾಕ್ಷರಿ ತಮಾಷೆಗೆ, "ತೊಳೆಯೋ ಕೆಲಸ ತಾನೆ, ಭಾಗವ್ವನೇ ತೊಳೀಲಿ ಬಿಡ್ರೋ" ಅಂದರು. ಎಲ್ಲರೂ ನಕ್ಕರು. ಭಾಗವ್ವ ನಗಲಿಲ್ಲ, ತೊಳೆದರು. ತೊಳೆಯುವುದೆಲ್ಲ ಹೆಂಗಸರ ಪಾಲಿಗೆ ಎಂದು ಲೋಕ ಬರೆದಿಟ್ಟಿದೆಯಲ್ಲ, ಅಪರೂಪಕ್ಕೆ ಅದರಿಂದ ಒಬ್ಬ ಹೆಂಗಸಿಗೆ ಒಳ್ಳೆಯದಾಯಿತು.

ಈಗ ದಿನಕ್ಕೆ ಮೂರೋ ನಾಲ್ಕೋ ರೇಡಿಯೇಟರ್ ಅವರ ಕೈಯಲ್ಲಿ ಹಾದು ಹೋಗುತ್ತವೆ. ನೀರನ್ನು ಯಾವತ್ತೂ ಫ್ಯಾನಿನ ಕಡೆಯಿಂದಲೇ ಹೊಡೆಯುತ್ತಾರೆ. ಮುಂದಿನಿಂದ ಹೊಡೆದರೆ ಕಸ ಇನ್ನಷ್ಟು ಒಳಗೆ ಸೇರಿಕೊಳ್ಳುತ್ತದೆ. ಬಾಗಿದ ತಗಡಿನ ಎಳೆಗಳನ್ನು ತಲೆಯ ಪಿನ್ನು ತೆಗೆದು ಒಂದೊಂದಾಗಿ ನೆಟ್ಟಗೆ ಮಾಡುತ್ತಾರೆ. ಇಂಜಿನ್ ಕಡೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ. ಇವತ್ತೂ ಪಂಚಾಕ್ಷರಿ, "ಅಕ್ಕ, ಇಂಜಿನ್ನಿನವರು ನೋಡ್ಲಿ ಬಿಡಿ" ಎಂದಿದ್ದರು.

"ನನ್ನ ಹೆಸರಿಗೆ ರಿಟರ್ನ್ ಬಂದದ. ನಾನೇ ನೋಡ್ತೀನಿ" ಎಂದರು ಭಾಗವ್ವ.

ಮುಚ್ಚಳ ತೆಗೆದು ಬೆರಳಿಟ್ಟರೆ ಕೂಲಂಟ್ ಭರ್ತಿ ಇದೆ, ಬಣ್ಣ ಕೆಟ್ಟಿಲ್ಲ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಬಿಗಿ ಸರಿಯಿದೆ. ನೀರು ಕಾದಾಗ ಬಾಯಿ ಬಿಟ್ಟು ದಾರಿ ಕೊಡುವ ಪುಟ್ಟ ವಾಲ್ವನ್ನು ಬಿಚ್ಚಿ, ಗ್ಯಾರೇಜಿನ ಸ್ಟೌ ಮೇಲೆ ಕುದಿಯುವ ನೀರಿಗೆ ದಾರ ಕಟ್ಟಿ ಇಳಿಬಿಡುತ್ತಾರೆ. ವಾಲ್ವು ಬಾಯಿ ಬಿಡುತ್ತದೆ. ಸರಿ, ಅದೂ ಅಲ್ಲ. ಎಲ್ಲ ಜೋಡಿಸಿ, ಇಂಜಿನ್ ಚಾಲೂ ಮಾಡಿಸಿ, ತೆರೆದ ಬಾಯಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾ ನಿಲ್ಲುತ್ತಾರೆ. ಹೆಡ್ ಕೆಟ್ಟಿದ್ದರೆ ಗುಳ್ಳೆ ಬರಬೇಕು. ಒಂದೂ ಇಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದರೆ ಆಯಿಲಿನಲ್ಲಿ ನೀರು ಬೆರೆತ ಬಿಳುಪೂ ಇಲ್ಲ.

ಇಂಜಿನ್ ಚೆನ್ನಾಗಿದೆ ಎಂದಾಯಿತು. ಖುಷಿಪಡಬೇಕಾದ ಭಾಗವ್ವನ ಮುಖ ಸಣ್ಣಗಾಗುತ್ತದೆ. ಉಳಿದಿರುವುದು ಒಂದೇ ಅಲ್ಲವೇ, ಅವರೇ ತೊಳೆದ ರೇಡಿಯೇಟರ್.

"ಮೊದಲು ಅಲ್ಲೇ ನೋಡಬೇಕಿತ್ತು ರೀ" ಎಂದು ತಾವಾಗಿಯೇ ಹೇಳುತ್ತಾರೆ. "ಬ್ಯಾರೆಯವರ ಗಾಡಿ ಆಗಿದ್ರ ಅಲ್ಲಿಂದಾನೇ ಶುರು ಮಾಡ್ತಿದ್ದೆ. ನಾ ಮಾಡಿದ್ದು ಸರಿ ಅದ ಅನ್ನೋ ಸೊಕ್ಕು, ಕಡೀಗೆ ಇಟ್ಟೆ."

ಟೀ ಕುಡಿಯಲು ಹರಡಿದ್ದ ಪೇಪರಿನ ಒಂದು ಹಾಳೆ ಎತ್ತಿಕೊಂಡು ಟ್ರ್ಯಾಕ್ಟರಿನ ಮುಂದಿನ ಜಾಲರಿಗೆ ಹಿಡಿಯುತ್ತಾರೆ. ಫ್ಯಾನ್ ಗಿರ್ರೆಂದು ತಿರುಗುತ್ತಿದೆ. ಗಾಳಿ ಒಳಗೆ ಎಳೆಯುತ್ತಿದ್ದರೆ ಹಾಳೆ ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ಕೈ ಬಿಡುತ್ತಾರೆ. ಹಾಳೆ ಜಾರಿ ಕಾಲ ಬಳಿ ಬೀಳುತ್ತದೆ. ಇನ್ನೊಮ್ಮೆ ಹಿಡಿಯುತ್ತಾರೆ, ಇನ್ನೊಮ್ಮೆ ಬೀಳುತ್ತದೆ. ಪಂಚಾಕ್ಷರಿ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಆ ಹೊತ್ತಿಗೆ ಬಸ್ಸಿಳಿದು ಬಂದ ಹನುಮಂತಯ್ಯನವರೂ ಪಕ್ಕದಲ್ಲಿ ನಿಂತು ಪಿಳಿಪಿಳಿ ನೋಡುತ್ತಾರೆ.

ಇಂಜಿನ್ ಆರಿಸಿ ಭಾಗವ್ವ ಜಾಲರಿಯ ಬೋಲ್ಟು ಬಿಚ್ಚುತ್ತಾರೆ, ಅಡ್ಡ ಕೂತ ಬ್ಯಾಟರಿಯನ್ನು ಕೆಳಗಿಳಿಸುತ್ತಾರೆ. ಒಳಗೆ ಕೈ ಹಾಕಿದವರು ಹಾಗೇ ನಿಲ್ಲುತ್ತಾರೆ. ಕೈಗೆ ಸಿಕ್ಕಿದ್ದು ತಗಡಲ್ಲ, ಬಟ್ಟೆ! ಎಳೆದರೆ ತಂತಿ ಕಟ್ಟಿದ ಕರೀ ಸೊಳ್ಳೆ ಪರದೆ, ಎರಡು ಪದರ, ಅದರ ತುಂಬ ಹೊಂಗೆ ಹೂವು ಮತ್ತು ಧೂಳು ಒದ್ದೆಯಾಗಿ ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗಿದೆ.

"ಇದ್ಯಾರು ಕಟ್ಟಿದ್ದು?"

"ನಾನೇ ಕಣಮ್ಮ" ಎನ್ನುತ್ತಾರೆ ಹನುಮಂತಯ್ಯ. "ನೀವು ಅಷ್ಟು ಚೆನ್ನಾಗಿ ತೊಳ್ದು ಕೊಟ್ಟಿದ್ರಿ. ನಮ್ಮ ಏರಿಯಾದಲ್ಲಿ ಈಗ ಹೊಂಗೆ ಹೂವು ಅಂದ್ರೆ ಹೂವು, ಎಲ್ಲಾ ಒಳಗೆ ಹೋಗಿ ಮತ್ತೆ ಕಟ್ಕೊಳತ್ತೆ ಅಂತ... ಮನೇಲಿ ಕಿಟಕಿಗೆ ತಂದಿದ್ದ ಪರದೆ ಮಿಕ್ಕಿತ್ತು. ನಿಮ್ಮ ಕೆಲಸ ಹಾಳಾಗಬಾರದು ಅಂತಲೇ ಕಟ್ಟಿದೆ ಕಣಮ್ಮ."

ಪಂಚಾಕ್ಷರಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಭಾಗವ್ವನಿಗೆ ನಗು ಬರುವುದಿಲ್ಲ, ಬೈಗುಳವೂ ಬರುವುದಿಲ್ಲ. ಕಣ್ಣು ತುಂಬಿಕೊಳ್ಳುತ್ತದೆ. ಖಾಕಿ ಶರ್ಟಿನ ತೋಳಿನಲ್ಲಿ ಒರೆಸಿಕೊಂಡು, "ಅಲ್ರೀ ಯಜಮಾನ್ರ, ಸೊಳ್ಳಿ ಬರಬಾರದು ಅಂತ ಮೂಗಿಗೇ ಪರದಿ ಕಟ್ಕೊಂಡು ಮಲಗ್ತೀರೇನ್ರಿ? ಅದಕ್ಕೂ ಉಸಿರು ಬೇಕಲ್ರಿ!" ಎನ್ನುತ್ತಾರೆ. ಆಗ ಹನುಮಂತಯ್ಯನವರೂ ನಗುತ್ತಾರೆ, ಪೆಚ್ಚಾಗಿ.

ಪರದೆ ಕಿತ್ತು ಎಲ್ಲ ಜೋಡಿಸಿ ಹಾಳೆ ಹಿಡಿದರೆ ಈಗ ಅದು ಜಾಲರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆದರೆ ನಿಂತಲ್ಲಿ ಸರಿಹೋದದ್ದನ್ನು ಭಾಗವ್ವ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರಗೆ ಬಿಚ್ಚಿಟ್ಟಿದ್ದ ಟ್ಯಾಂಕರ್ ಕಟ್ಟಿ, ಕಂಠಮಟ್ಟ ತುಂಬಿಸಿ, ಕೆಂಗೇರಿ ಉಪನಗರದ ಕಡೆಯ ಏರಿನಲ್ಲಿ ಹೋಗಿ ಬನ್ನಿ ಎಂದು ಕಳಿಸುತ್ತಾರೆ. ಹನುಮಂತಯ್ಯ ಹೊರಟ ಮೇಲೆ ಕೈಯಲ್ಲಿ ಬೇರೆ ಕೆಲಸ ಹಿಡಿಯುವುದಿಲ್ಲ. ಬಾಗಿಲಲ್ಲೇ ನಿಂತು ರಸ್ತೆ ನೋಡುತ್ತಾರೆ. ಅಷ್ಟರಲ್ಲಿ ಗುಜರಿಯವರ ವ್ಯಾನೂ ಬಂದು ನಿಂತು ಹಾರ್ನ್ ಹೊಡೆಯುತ್ತದೆ.

"ಏನಕ್ಕ, ಎಲ್ಲಿ ಗಾಡಿ?"

"ತಡೀರಿ, ಏರು ಹತ್ತಿ ಬರಲಿ."

ಟ್ರ್ಯಾಕ್ಟರ್ ಬರುತ್ತದೆ. ಹೊಗೆಯಿಲ್ಲ, ಆವಿಯಿಲ್ಲ. ಹನುಮಂತಯ್ಯ ಇಳಿಯುವುದಕ್ಕೆ ಮೊದಲೇ ಭಾಗವ್ವ ಹತ್ತಿರ ಹೋಗಿ ಬಗ್ಗಿ ಮುಳ್ಳನ್ನು ನೋಡುತ್ತಾರೆ. ನಡುವಿನಲ್ಲಿದೆ. ಗುಜರಿಯವರು ಗೊಣಗುತ್ತಾ ವ್ಯಾನ್ ತಿರುಗಿಸಿಕೊಂಡು ಹೋಗುತ್ತಾರೆ. ಹನುಮಂತಯ್ಯ ಕೈ ಮುಗಿಯಲು ಹೋದರೆ, "ಅವೆಲ್ಲ ಬ್ಯಾಡ್ರಿ, ನಿಮ್ಮ ಗಿಡಗಳು ಒಣಗ್ಲಿಕತ್ತಾವ, ಹೋಗ್ರಿ" ಎಂದು ಗದರುತ್ತಾರೆ.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಪಂಚಾಕ್ಷರಿ, ಮೆಕ್ಯಾನಿಕ್ಕುಗಳ ಹೆಸರಿರುವ ಗೋಡೆಯ ಮೇಲೆ ನಿಮ್ಮ ಹೆಸರೂ ಬರೆಸೋಣವಾ ಅಕ್ಕ ಎಂದು ಕೇಳುತ್ತಾರೆ. ಈ ಸಲ ತಮಾಷೆಯಿಲ್ಲ. ಭಾಗವ್ವ ಕೈಗೆ ಸೋಪು ಹಚ್ಚಿಕೊಳ್ಳುತ್ತಾ ತಲೆಯಾಡಿಸುತ್ತಾರೆ.

"ಹೆಸರು ಬ್ಯಾಡ್ರಿ. ಯಾವುದೇ ಗಾಡಿ ಕಾಯ್ದು ಬಂದ್ರೂ ಮೊದಲು ನನ್ನ ಕರೆದು ಬೈರಿ. ನನ್ನ ತಪ್ಪು ಅಲ್ಲ ಅಂತಾದ ಮ್ಯಾಲೆ ಇಂಜಿನ್ನಿಗೆ ಸ್ಪ್ಯಾನರ್ ಹಚ್ಚರಿ. ಅಷ್ಟ ಸಾಕು ನನಗ."